ಮ್ಯಾಕ್ಸ್ ಥೈಲರ್: ಹಳದಿ ಜ್ವರವನ್ನು ಪಳಗಿಸಿದ ವಿಜ್ಞಾನಿ

ಮಂಗನ ಕಾಯಿಲೆಯ ಹೆಸರು ಕೇಳದ ಮನೆ ನಮ್ಮ ಮಲೆನಾಡಿನಲ್ಲಿ ಇರಲಾರದು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದರೆ ಊರಿನವರು ಕೂಡಲೇ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಪ್ರಾಣಿಗಳ ಮೈಯಲ್ಲಿ ಬೆಳೆಯುವ ರೋಗಾಣು ಸೊಳ್ಳೆಯಿಂದಲೋ ಉಣುಗಿನಿಂದಲೋ ಮನುಷ್ಯನಿಗೆ ದಾಟುತ್ತದೆ ಎಂಬುದು ಇಂದು ಎಂಟನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ನೂರು ವರ್ಷಗಳ ಹಿಂದೆ ಇದು ದೊಡ್ಡ ವಿದ್ವಾಂಸರಿಗೂ ಸ್ಪಷ್ಟವಿರಲಿಲ್ಲ. ಇದನ್ನು ತಿಳಿಯಲು ಹೋದ ಹಲವು ವಿಜ್ಞಾನಿಗಳು ಅದೇ ರೋಗಕ್ಕೆ ಬಲಿಯಾದರು. ಅವರ ಸಾಲಿನಲ್ಲಿದ್ದು, ಬದುಕಿ ಉಳಿದು, ಕೋಟ್ಯಂತರ ಜನರ ಜೀವ ಉಳಿಸುವ ಲಸಿಕೆಯನ್ನು ಕೊಟ್ಟವರು ಮ್ಯಾಕ್ಸ್ ಥೈಲರ್. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಊರಿನ ಹಿರಿಯರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಓದು

ಮ್ಯಾಕ್ಸ್ ಥೈಲರ್ ಹುಟ್ಟಿದ್ದು 1899ರ ಜನವರಿ 30ರಂದು, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ನಾಲ್ಕು ಮಕ್ಕಳಲ್ಲಿ ಅವರೇ ಕಿರಿಯರು. ತಂದೆ ಆರ್ನಾಲ್ಡ್ ಥೈಲರ್ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ ಪಶುವೈದ್ಯರು. ಆಫ್ರಿಕಾಕ್ಕೆ ಬಂದ ಹೊಸದರಲ್ಲೇ ಯಂತ್ರಕ್ಕೆ ಸಿಕ್ಕಿ ಒಂದು ಕೈ ಕಳೆದುಕೊಂಡರೂ ಎದೆಗುಂದದೆ ದುಡಿದವರು. ನಮ್ಮ ರೈತರು ದೊಡ್ಡರೋಗ ಎನ್ನುತ್ತಿದ್ದ ದನಗಳ ಪಿಡುಗು 1896ರಲ್ಲಿ ಅಲ್ಲಿ ಹಬ್ಬಿದಾಗ ಅದರ ವಿರುದ್ಧ ಹೋರಾಡಿದರು. ಸಣ್ಣ ನುಸಿಗಳಿಂದ ಹರಡುವ ಕುದುರೆ ರೋಗದ ಮೇಲೂ ಸಂಶೋಧನೆ ಮಾಡಿದರು. ಅವರು 1908ರಲ್ಲಿ ಕಟ್ಟಿದ ಆಂಡರ್‌ಸ್ಟಪೋರ್ಟ್ ಪಶುವೈದ್ಯ ಸಂಸ್ಥೆ ಇಂದಿಗೂ ಹೆಸರುವಾಸಿ. ಪ್ರಾಣಿ, ರೋಗಾಣು, ಕೀಟ ಈ ಮೂರರ ನಂಟು ಮ್ಯಾಕ್ಸ್ ಅವರಿಗೆ ಮನೆಯಲ್ಲೇ ಪರಿಚಯವಾದ ಪಾಠ.

ಕೇಪ್‌ಟೌನಿನಲ್ಲಿ ವೈದ್ಯಕೀಯ ಓದಲು ಆರಂಭಿಸಿದ ಮ್ಯಾಕ್ಸ್ 1919ರಲ್ಲಿ ಲಂಡನ್ನಿಗೆ ಹೋದರು. ಅಲ್ಲಿಯ ವಿಶ್ವವಿದ್ಯಾಲಯವು ಕೇಪ್‌ಟೌನಿನ ಓದನ್ನು ಮಾನ್ಯ ಮಾಡಲಿಲ್ಲ. ಹಾಗಾಗಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕಲಿತು 1922ರಲ್ಲಿ ವೈದ್ಯವೃತ್ತಿಯ ಅರ್ಹತೆಯನ್ನೇನೋ ಪಡೆದರು, ಆದರೆ ಎಂ.ಡಿ. ಎಂಬ ಪದವಿ ಅವರಿಗೆ ಕೊನೆಗೂ ದಕ್ಕಲಿಲ್ಲ. ಮುಂದೆ ವೈದ್ಯಶಾಸ್ತ್ರದಲ್ಲೇ ನೊಬೆಲ್ ಪಡೆದವರ ಮಾತಿದು. ಪದವಿ ಇಲ್ಲವೆಂದು ಕುಗ್ಗುವ ಮಕ್ಕಳು ಇದನ್ನು ಗಮನಿಸಬೇಕು. ಲಂಡನ್ನಿನ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಕೆಲಕಾಲ ಕಲಿತು, ಅದೇ ವರ್ಷ ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಸೆಲ್ಲಾರ್ಡ್ಸ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ವೈದ್ಯವೃತ್ತಿಗಿಂತ ಪ್ರಯೋಗಾಲಯವೇ ಅವರನ್ನು ಸೆಳೆದಿತ್ತು.

ಹಳದಿ ಜ್ವರದ ಹಾವಳಿ

ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ ಅದರ ಭೀಕರತೆ ನಮಗೆ ಅಷ್ಟಾಗಿ ತಿಳಿದಿಲ್ಲ. ಮೊದಲು ಜ್ವರ, ಮೈಕೈ ನೋವು. ಎರಡು ಮೂರು ದಿನಗಳಲ್ಲಿ ಇಳಿದಂತೆ ಕಾಣುತ್ತದೆ. ಕೆಲವರಲ್ಲಿ ಮತ್ತೆ ಮರುಕಳಿಸಿ ಕಣ್ಣು, ಮೈ ಹಳದಿಯಾಗುತ್ತವೆ. ವಾಂತಿಯಲ್ಲಿ ಕಪ್ಪಾದ ರಕ್ತ ಬರುತ್ತದೆ. ಮೂತ್ರಪಿಂಡ ಸೋಲುತ್ತದೆ. ಹೀಗೆ ಉಲ್ಬಣಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಬದುಕುವುದಿಲ್ಲ. 1793ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ನಗರ ಒಂದರಲ್ಲೇ ಸುಮಾರು 5,000 ಜನ ಸತ್ತರು. ಪನಾಮಾ ಕಾಲುವೆ ತೋಡಲು ಹೋದ ಫ್ರೆಂಚರು ಕೆಲಸ ಕೈಬಿಡಲು ಈ ಜ್ವರವೂ ಒಂದು ಮುಖ್ಯ ಕಾರಣ.

ಸೊಳ್ಳೆಯಿಂದ ಈ ರೋಗ ಹರಡುತ್ತದೆಂದು 1881ರಲ್ಲಿ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಹೇಳಿದಾಗ ಯಾರೂ ನಂಬಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ಅವರ ತಂಡ ಅದನ್ನು ರುಜುವಾತು ಮಾಡಿತು. ಅಪರಾಧಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಇಂದು ನಮ್ಮ ಊರುಗಳಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಹರಡುತ್ತಿರುವುದೂ ಇದೇ ಸೊಳ್ಳೆ. ಮನೆಯ ತೊಟ್ಟಿ, ಡ್ರಮ್ಮುಗಳಲ್ಲಿ ಮೊಟ್ಟೆಯಿಡುವ ಈ ಸೊಳ್ಳೆಯನ್ನು ಪಟ್ಟಣಗಳಿಂದ ಓಡಿಸಿದರೆ ರೋಗವೇ ಅಳಿಯುತ್ತದೆಂದು ರಾಕ್‌ಫೆಲ್ಲರ್ ಪ್ರತಿಷ್ಠಾನದವರು ನಂಬಿ ಕೆಲಸ ಆರಂಭಿಸಿದ್ದರು. ಆದರೆ ರೋಗಾಣು ಯಾವುದು ಎಂಬುದೇ ಇನ್ನೂ ತಿಳಿದಿರಲಿಲ್ಲ.

ಜಪಾನಿನ ಪ್ರಸಿದ್ಧ ವಿಜ್ಞಾನಿ ಹಿಡೆಯೊ ನೊಗುಚಿ ಒಂದು ಬ್ಯಾಕ್ಟೀರಿಯಾವನ್ನು ಹಿಡಿದು ಇದೇ ಹಳದಿ ಜ್ವರದ ಮೂಲ ಎಂದು ಸಾರಿದ್ದರು. ಇನ್ನೂ ಮೂವತ್ತು ತುಂಬದ ಥೈಲರ್, ಸೆಲ್ಲಾರ್ಡ್ಸ್ ಅವರೊಡನೆ ಪ್ರಯೋಗ ಮಾಡಿ, ಅದು ಇಲಿಗಳಿಂದ ಬರುವ ಬೇರೊಂದು ಕಾಮಾಲೆ ರೋಗದ ಬ್ಯಾಕ್ಟೀರಿಯಾ ಎಂದು ತೋರಿಸಿದರು. ನೊಗುಚಿ ತಮ್ಮ ವಾದವನ್ನು ಪರೀಕ್ಷಿಸಲು ಆಫ್ರಿಕಾಕ್ಕೆ ಹೋಗಿ, 1928ರ ಮೇ ತಿಂಗಳಲ್ಲಿ ಅಕ್ರಾ ನಗರದಲ್ಲಿ ಹಳದಿ ಜ್ವರದಿಂದಲೇ ತೀರಿಕೊಂಡರು. ಅದಕ್ಕೆ ಮೊದಲು 1927ರಲ್ಲಿ ಏಡ್ರಿಯನ್ ಸ್ಟೋಕ್ಸ್ ಎಂಬ ಸಂಶೋಧಕರೂ ಇದೇ ರೀತಿ ಸತ್ತಿದ್ದರು.

ಭಾರತದ ಮಂಗಗಳು

ಸ್ಟೋಕ್ಸ್ ಸಾಯುವ ಮೊದಲು ಒಂದು ದೊಡ್ಡ ಕೆಲಸ ಮಾಡಿದ್ದರು, ಅದಕ್ಕೂ ಭಾರತಕ್ಕೂ ಸಂಬಂಧವಿದೆ. ಪಶ್ಚಿಮ ಆಫ್ರಿಕಾದ ಮಂಗಗಳಿಗೆ ರೋಗಿಯ ರಕ್ತ ಚುಚ್ಚಿದರೆ ಅವು ಕಾಯಿಲೆ ಬೀಳುತ್ತಿರಲಿಲ್ಲ. ಭಾರತದಿಂದ ತರಿಸಿದ ರೀಸಸ್ ಮಂಗಗಳಿಗೆ ಚುಚ್ಚಿದಾಗ ಅವು ಮನುಷ್ಯರಂತೆಯೇ ಹಳದಿ ಜ್ವರದಿಂದ ಸತ್ತವು. 1927ರಲ್ಲಿ ಈಗಿನ ಘಾನಾ ದೇಶದ ಅಸಿಬಿ ಎಂಬ ಯುವಕನ ರಕ್ತದಿಂದ ಹೀಗೆ ಹಿಡಿದ ರೋಗಾಣು ಬ್ಯಾಕ್ಟೀರಿಯಾ ಅಲ್ಲ, ಅತಿ ಸಣ್ಣ ಸೋಸುಕದಲ್ಲೂ ನುಸುಳುವ ವೈರಸ್ ಎಂದು ಸಿದ್ಧವಾಯಿತು. ಅಸಿಬಿ ಗುಣಮುಖನಾದ. ಅವನ ಹೆಸರು ಆ ವೈರಸ್ಸಿನ ತಳಿಗೆ ಉಳಿಯಿತು.

ಆಫ್ರಿಕಾದ ಮಂಗ ಸಾಯದೆ ಭಾರತದ ಮಂಗ ಏಕೆ ಸತ್ತಿತು? ವೈರಸ್ಸು ಆಫ್ರಿಕಾದ ಕಾಡಿನಲ್ಲಿ ಅಲ್ಲಿಯ ಮಂಗಗಳ ಜೊತೆ ಬಹಳ ಹಿಂದಿನಿಂದ ಬದುಕುತ್ತ ಬಂದಿದೆ. ತಡೆಯಲಾಗದ ಮಂಗಗಳು ಅಳಿದು, ತಡೆಯಬಲ್ಲವುಗಳ ಸಂತತಿ ಉಳಿದಿದೆ. ಅವುಗಳಿಗೆ ವೈರಸ್ ತಗಲುತ್ತದೆ, ಕೆಲವು ದಿನ ರಕ್ತದಲ್ಲಿ ಇರುತ್ತದೆ, ಸೊಳ್ಳೆಗೆ ದಾಟುತ್ತದೆ, ಮಂಗ ಚೇತರಿಸಿಕೊಳ್ಳುತ್ತದೆ. ಏಷ್ಯಾದ ಮಂಗಗಳಿಗೆ ಈ ವೈರಸ್ಸಿನ ಪರಿಚಯವೇ ಇಲ್ಲ. ದಕ್ಷಿಣ ಅಮೆರಿಕಾದ ಊಳಿಡುವ ಮಂಗಗಳೂ ಇದರಿಂದ ಹಿಂಡುಹಿಂಡಾಗಿ ಸಾಯುತ್ತವೆ, ಏಕೆಂದರೆ ಅಲ್ಲಿಗೆ ಈ ವೈರಸ್ ಗುಲಾಮರನ್ನು ಸಾಗಿಸಿದ ಹಡಗುಗಳಲ್ಲಿ ಆಫ್ರಿಕಾದಿಂದ ಹೋದದ್ದು ಕೆಲವೇ ಶತಮಾನಗಳ ಹಿಂದೆ. ಪ್ರಾಣಿ ಹೆಚ್ಚು ಸಾಯುತ್ತಿದ್ದರೆ ವೈರಸ್ಸು ಅಲ್ಲಿಗೆ ಹೊಸದಾಗಿ ಬಂದ ನೆಂಟ ಎಂದು ಸಾಮಾನ್ಯವಾಗಿ ಊಹಿಸಬಹುದು.

ಇಲಿಯಿಂದ ಸಿಕ್ಕ ದಾರಿ

ಮಂಗಗಳು ದುಬಾರಿ. ಭಾರತದಿಂದ ಹಡಗಿನಲ್ಲಿ ತರಿಸಬೇಕು. ಥೈಲರ್ ಚಿಕ್ಕ ಬಿಳಿ ಇಲಿಗಳನ್ನು ಬಳಸಲು ಯೋಚಿಸಿದರು. ಚರ್ಮದ ಕೆಳಗೆ ಚುಚ್ಚಿದರೆ ಇಲಿಗೆ ಏನೂ ಆಗುತ್ತಿರಲಿಲ್ಲ. ಮಿದುಳಿಗೆ ನೇರವಾಗಿ ಚುಚ್ಚಿದಾಗ ಇಲಿಗಳು ಸತ್ತವು. ಆದರೆ ಯಕೃತ್ತು ಕೆಟ್ಟು ಅಲ್ಲ, ಮಿದುಳಿನ ಉರಿಯೂತದಿಂದ. 1930ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ಕೆಲಸದ ನಡುವೆ, 1929ರಲ್ಲಿ, ಸ್ವತಃ ಅವರಿಗೇ ಹಳದಿ ಜ್ವರ ತಗಲಿತು. ಅದೃಷ್ಟವಶಾತ್ ಸೌಮ್ಯವಾಗಿ ಬಂದು ಹೋಯಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 1928ರಲ್ಲಿ, ಅವರು ಲಿಲಿಯನ್ ಗ್ರಹಾಂ ಅವರನ್ನು ಮದುವೆಯಾಗಿದ್ದರು. ನೊಗುಚಿ, ಸ್ಟೋಕ್ಸ್ ಅವರಿಗಾದ ಗತಿ ಥೈಲರ್ ಅವರಿಗೂ ಆಗಬಹುದಿತ್ತು. ಗುಣವಾದ ಮೇಲೆ ಅವರು ಅದೇ ಕೆಲಸಕ್ಕೆ ಮರಳಿದರು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ರತಿಷ್ಠಾನ ಅವರನ್ನು ಕರೆಸಿಕೊಂಡಿತು.

ಇಲಿಯಿಂದ ಎರಡು ದೊಡ್ಡ ಉಪಯೋಗಗಳಾದವು. ಮೊದಲನೆಯದು ರಕ್ತಪರೀಕ್ಷೆ. ಒಬ್ಬ ವ್ಯಕ್ತಿಯ ರಕ್ತದ ಸೀರಂ ಮತ್ತು ವೈರಸ್ಸನ್ನು ಕೂಡಿಸಿ ಇಲಿಗೆ ಚುಚ್ಚುವುದು. ಇಲಿ ಬದುಕಿದರೆ ಆ ವ್ಯಕ್ತಿಗೆ ಹಿಂದೆಂದೋ ಹಳದಿ ಜ್ವರ ಬಂದು ಹೋಗಿದೆ ಎಂದರ್ಥ. ಹೀಗೆ ಆಫ್ರಿಕಾ, ದಕ್ಷಿಣ ಅಮೆರಿಕಾದ ಹಳ್ಳಿಹಳ್ಳಿಗಳಿಂದ ರಕ್ತ ತರಿಸಿ ರೋಗದ ಭೂಪಟವನ್ನೇ ಬರೆಯಲಾಯಿತು. ಈಡಿಸ್ ಈಜಿಪ್ಟೈ ಸೊಳ್ಳೆಯೇ ಇಲ್ಲದ ಕಾಡಿನಂಚಿನ ಹಳ್ಳಿಗಳಲ್ಲೂ ರೋಗದ ಗುರುತು ಸಿಕ್ಕಿದ್ದು ಎಲ್ಲರನ್ನೂ ಬೆರಗುಗೊಳಿಸಿತು. ಕಾಡಿನ ಮಂಗಗಳ ರಕ್ತದಲ್ಲೂ ಅದೇ ಗುರುತು. 1932ರಲ್ಲಿ ಬ್ರೆಜಿಲಿನಲ್ಲಿ ಫ್ರೆಡ್ ಸೋಪರ್ ಅವರ ತಂಡ ಕಾಡಿನ ಹಳದಿ ಜ್ವರವನ್ನು ಗುರುತಿಸಿತು. ಮರದ ತುದಿಯಲ್ಲಿ ಮಂಗದಿಂದ ಮಂಗಕ್ಕೆ ಬೇರೆ ಜಾತಿಯ ಸೊಳ್ಳೆಗಳು ವೈರಸ್ಸನ್ನು ಒಯ್ಯುತ್ತಿದ್ದವು. ಮರ ಕಡಿಯುವವನು ಮರವನ್ನು ಉರುಳಿಸಿದಾಗ ಆ ಸೊಳ್ಳೆಗಳೂ ಕೆಳಗೆ ಬಂದು ಅವನನ್ನೇ ಕಚ್ಚುತ್ತಿದ್ದವು. ಉಗಾಂಡಾದಲ್ಲಿ ಕಂಡದ್ದು ನಮ್ಮ ತೋಟದವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಮಂಗಗಳು ಬಾಳೆಗೊನೆ ತಿನ್ನಲು ತೋಟಕ್ಕೆ ಬರುತ್ತವೆ. ಬಾಳೆ ಎಲೆಯ ಬುಡದ ಸಂದಿಯಲ್ಲಿ ನಿಂತ ನೀರಿನಲ್ಲಿ ಬೆಳೆದ ಸೊಳ್ಳೆ ಮಂಗವನ್ನು ಕಚ್ಚಿ, ಆಮೇಲೆ ತೋಟದ ಯಜಮಾನನನ್ನು ಕಚ್ಚುತ್ತದೆ. ಅವನು ಪೇಟೆಗೆ ಹೋದರೆ ಅಲ್ಲಿಯ ಈಡಿಸ್ ಈಜಿಪ್ಟೈ ಸೊಳ್ಳೆಗೆ ದಾಟಿ ಊರಿಗೆ ಊರೇ ಮಲಗುತ್ತದೆ.

ಕಾಡಿನಲ್ಲಿ ಮಂಗ ಮತ್ತು ಸೊಳ್ಳೆ ಇರುವವರೆಗೆ ರೋಗವನ್ನು ಬೇರುಸಹಿತ ಕೀಳುವುದು ಸಾಧ್ಯವಿಲ್ಲ ಎಂಬುದು ಇದರಿಂದ ಖಚಿತವಾಯಿತು. ಉಳಿದ ದಾರಿ ಲಸಿಕೆ ಒಂದೇ.

ವೈರಸ್ಸಿನ ಸ್ವಭಾವ ಬದಲಾದ ಬಗೆ

ಇಲಿಯ ಎರಡನೆಯ ಉಪಯೋಗ ಇಲ್ಲಿದೆ. ಒಂದು ಇಲಿಯ ಮಿದುಳಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಥೈಲರ್ ವೈರಸ್ಸನ್ನು ದಾಟಿಸುತ್ತ ಹೋದಾಗ ಅದರ ಗುಣ ಬದಲಾಯಿತು. ಇಲಿಗಳನ್ನು ಬೇಗ ಬೇಗ ಕೊಲ್ಲತೊಡಗಿತು. ಆದರೆ ಮಂಗದ ಚರ್ಮದ ಕೆಳಗೆ ಚುಚ್ಚಿದರೆ ಅದರ ಯಕೃತ್ತನ್ನು ಕೆಡಿಸುವ ಶಕ್ತಿ ಕುಂದಿತ್ತು.

ಇದೇಕೆ ಹೀಗೆ? ಹಳದಿ ಜ್ವರದ ವೈರಸ್ಸಿನ ಆನುವಂಶಿಕ ಬರಹ ಸುಮಾರು 11 ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಪ್ರತಿ ಸಲ ನಕಲಾಗುವಾಗ ಕೆಲವು ಅಕ್ಷರ ತಪ್ಪುತ್ತವೆ. ಮೇಷ್ಟ್ರು ತಿದ್ದದ ಕಾಪಿ ಪುಸ್ತಕದಂತೆ ಆ ತಪ್ಪುಗಳು ಹಾಗೇ ಉಳಿಯುತ್ತವೆ. ಕಾಡಿನಲ್ಲಿ ವೈರಸ್ಸು ಎರಡು ಪರೀಕ್ಷೆಗಳಲ್ಲಿ ಪಾಸಾಗಬೇಕು: ಒಂದು ಸೊಳ್ಳೆಯ ಮೈಯಲ್ಲಿ, ಇನ್ನೊಂದು ಮಂಗದ ಮೈಯಲ್ಲಿ. ಒಂದರಲ್ಲಿ ಅನುಕೂಲವಾದ ಬದಲಾವಣೆ ಇನ್ನೊಂದರಲ್ಲಿ ತೊಡಕಾದರೆ ಅಂಥ ವೈರಸ್ಸು ಅಳಿಯುತ್ತದೆ. ಆದ್ದರಿಂದಲೇ ಸೊಳ್ಳೆಯಿಂದ ಹರಡುವ ವೈರಸ್ಸುಗಳು ಬೇರೆ ಅನೇಕ ವೈರಸ್ಸುಗಳಿಗಿಂತ ನಿಧಾನವಾಗಿ ಬದಲಾಗುತ್ತವೆ. ಪ್ರಯೋಗಾಲಯದಲ್ಲಿ ಇರುವುದು ಒಂದೇ ಪರೀಕ್ಷೆ. ಅಲ್ಲಿ ಯಾವುದು ಚೆನ್ನಾಗಿ ಬೆಳೆಯುತ್ತದೋ ಅದೇ ಉಳಿಯುತ್ತದೆ, ಬೇಡವಾದ ಶಕ್ತಿಗಳು ಕಳಚಿಹೋಗುತ್ತವೆ.

ಇಲಿಯ ಮಿದುಳಿನಲ್ಲಿ ಬೆಳೆದ ವೈರಸ್ಸನ್ನು ಫ್ರೆಂಚರು ಆಫ್ರಿಕಾದಲ್ಲಿ ಲಸಿಕೆಯಾಗಿ ಬಳಸಿದರು. ಅದರಿಂದ ರಕ್ಷಣೆ ಸಿಕ್ಕಿತು, ಆದರೆ ಕೆಲವರಿಗೆ ಮಿದುಳಿನ ಉರಿಯೂತ ಬಂತು. ಥೈಲರ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಯಕೃತ್ತಿಗೂ ಮಿದುಳಿಗೂ ಹಾನಿ ಮಾಡದ ತಳಿಯೇ ಬೇಕೆಂದು ಅವರು ಹಟ ಹಿಡಿದರು. ಅಸಿಬಿ ತಳಿಯನ್ನು ಮೊದಲು ಇಲಿ ಭ್ರೂಣದ ಅಂಗಾಂಶದಲ್ಲಿ 18 ಬಾರಿ, ಆಮೇಲೆ ಕೋಳಿ ಭ್ರೂಣದ ಅಂಗಾಂಶದಲ್ಲಿ 58 ಬಾರಿ, ಅನಂತರ ಮಿದುಳು ಮತ್ತು ಬೆನ್ನುಹುರಿಯನ್ನು ತೆಗೆದುಹಾಕಿದ ಕೋಳಿ ಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿದರು. ವಾರಗಟ್ಟಲೆಯಲ್ಲ, ವರ್ಷಗಟ್ಟಲೆ ನಡೆದ ಕೆಲಸವಿದು. 89ನೆಯ ಮತ್ತು 114ನೆಯ ದಾಟುವಿಕೆಯ ನಡುವೆ ಎಲ್ಲೋ ವೈರಸ್ಸು ಮಿದುಳನ್ನು ಕೆಡಿಸುವ ಗುಣವನ್ನೂ ಬಹುಮಟ್ಟಿಗೆ ಕಳೆದುಕೊಂಡಿತ್ತು. ಆ ತಳಿಗೆ 17ಡಿ ಎಂಬ ಹೆಸರು. ಜೊತೆಗಿದ್ದ ಹ್ಯೂ ಸ್ಮಿತ್ ಅವರೊಡನೆ ಥೈಲರ್ 1937ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥ ತಳಿ ಮತ್ತೆ ಸಿಗಲಿಲ್ಲ. ಆಕಸ್ಮಿಕವಾಗಿ ಬಂದ ಬದಲಾವಣೆಯನ್ನು ತಾಳ್ಮೆಯಿಂದ ಕಾದು, ಬಂದಾಗ ಗುರುತಿಸಿದ್ದೇ ಅವರ ಹೆಚ್ಚುಗಾರಿಕೆ.

17ಡಿ ಲಸಿಕೆಯ ಇನ್ನೊಂದು ಗುಣವೆಂದರೆ ಈಡಿಸ್ ಸೊಳ್ಳೆ ಅದನ್ನು ಹರಡಲಾರದು. ಲಸಿಕೆ ಹಾಕಿಸಿಕೊಂಡವರಿಂದ ಊರಿಗೆ ರೋಗ ಹಬ್ಬುವ ಭಯವಿಲ್ಲ. ಎಷ್ಟೋ ದಶಕಗಳ ಮೇಲೆ ಎರಡೂ ತಳಿಗಳ ಬರಹವನ್ನು ಹೋಲಿಸಿ ನೋಡಿದಾಗ 11 ಸಾವಿರ ಅಕ್ಷರಗಳಲ್ಲಿ ಬದಲಾಗಿದ್ದುದು ಕೇವಲ 68. ಕೊಲ್ಲುವ ವೈರಸ್ಸಿಗೂ ಕಾಯುವ ವೈರಸ್ಸಿಗೂ ಅಷ್ಟೇ ಅಂತರ!

ಎಡರು ತೊಡರುಗಳು

1937ರಲ್ಲಿ ಬ್ರೆಜಿಲಿನಲ್ಲಿ ಲಸಿಕೆ ಹಾಕಲು ಆರಂಭಿಸಿ, 1938ರ ಕೊನೆಯ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಕೊಡಲಾಯಿತು. ಆದರೆ ಹಾದಿ ಸುಗಮವಾಗಿರಲಿಲ್ಲ. 1941ರಲ್ಲಿ ಬ್ರೆಜಿಲಿನಲ್ಲಿ ಲಸಿಕೆ ಪಡೆದ ಕೆಲವರಿಗೆ ಮಿದುಳಿನ ಉರಿಯೂತ ಬಂತು. ಲಸಿಕೆಯ ವೈರಸ್ಸನ್ನು ಮತ್ತೆ ಮತ್ತೆ ದಾಟಿಸಿ ತಯಾರಿಸುತ್ತಿದ್ದುದರಿಂದ ಅದರ ಗುಣ ಮತ್ತೆ ಬದಲಾಗಿತ್ತು. ಯಾವ ಗುಣದಿಂದ ಲಸಿಕೆ ಹುಟ್ಟಿತೋ ಅದೇ ಗುಣದಿಂದ ಕೆಡುವ ಅಪಾಯವೂ ಇತ್ತು. ಆಗ ಬೀಜದ ಪದ್ಧತಿ ಜಾರಿಗೆ ಬಂತು. ನಮ್ಮ ರೈತರು ಒಳ್ಳೆಯ ಫಸಲಿನಿಂದ ಬಿತ್ತನೆ ಬೀಜ ಎತ್ತಿಡುವಂತೆ, ಪರೀಕ್ಷಿಸಿದ ಮೂಲ ವೈರಸ್ಸನ್ನು ತೆಗೆದಿಟ್ಟು ಪ್ರತಿ ಬಾರಿಯೂ ಅದರಿಂದಲೇ ಲಸಿಕೆ ತಯಾರಿಸುವುದು. ಇಂದು ಬೇರೆ ಲಸಿಕೆಗಳಿಗೂ ಇದೇ ನಿಯಮ.

1942ರಲ್ಲಿ ಇನ್ನೊಂದು ಅನಾಹುತವಾಯಿತು. ಲಸಿಕೆ ಕೆಡದಿರಲೆಂದು ಅದಕ್ಕೆ ಮನುಷ್ಯರ ಸೀರಂ ಬೆರೆಸುತ್ತಿದ್ದರು. ಅದರಲ್ಲಿ ಕಾಮಾಲೆಯ ಬೇರೊಂದು ವೈರಸ್ ಸೇರಿಕೊಂಡು ಅಮೆರಿಕಾದ ಸಾವಿರಾರು ಸೈನಿಕರು ಕಾಯಿಲೆ ಬಿದ್ದರು. ಕೂಡಲೇ ಸೀರಂ ಇಲ್ಲದ ಲಸಿಕೆ ತಯಾರಾಯಿತು. 1940ರಿಂದ 1947ರವರೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನ 2 ಕೋಟಿ 80 ಲಕ್ಷಕ್ಕೂ ಹೆಚ್ಚು ಡೋಸುಗಳನ್ನು ತಯಾರಿಸಿ ಉಚಿತವಾಗಿ ಹಂಚಿತು.

1951ರಲ್ಲಿ ಥೈಲರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆಫ್ರಿಕಾದಲ್ಲಿ ಹುಟ್ಟಿ ವಿಜ್ಞಾನಕ್ಕೆ ನೊಬೆಲ್ ಪಡೆದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ಅವರು ಪ್ರತಿಷ್ಠಾನದ ನ್ಯೂಯಾರ್ಕ್ ಪ್ರಯೋಗಾಲಯಗಳ ನಿರ್ದೇಶಕರಾದರು.

ನಮ್ಮ ಮಲೆನಾಡಿನ ನಂಟು

ಜಗತ್ತಿನ ಬೇರೆ ಬೇರೆ ಕಡೆ ಕೀಟಗಳಿಂದ ಹರಡುವ ವೈರಸ್ಸುಗಳನ್ನು ಹುಡುಕಲು ರಾಕ್‌ಫೆಲ್ಲರ್ ಪ್ರತಿಷ್ಠಾನ ಕೇಂದ್ರಗಳನ್ನು ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ವೈರಸ್ ಸಂಶೋಧನಾ ಕೇಂದ್ರ ಅವುಗಳಲ್ಲೊಂದು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಯತೊಡಗಿ, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದಾಗ, ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂಬ ಆತಂಕ ವಿಜ್ಞಾನಿಗಳಿಗೆ ಹುಟ್ಟಿತು. ಪುಣೆಯಿಂದ ತಂಡ ಧಾವಿಸಿತು. ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲ, ಅದರದೇ ಕುಲದ ಹೊಸ ವೈರಸ್ಸು ಎಂದು ತಿಳಿಯಿತು. ರಷ್ಯಾದ ಕಾಡುಗಳ ಒಂದು ವೈರಸ್ಸಿಗೆ ಅದು ಹತ್ತಿರದ ದಾಯಾದಿ. ಹರಡುವುದು ಸೊಳ್ಳೆಯಲ್ಲ, ಉಣುಗು. ಕಾಡಿಲಿ, ಹೆಗ್ಗಣ, ಹಕ್ಕಿಗಳ ಮೈಮೇಲೆ ಬೆಳೆಯುವ ಉಣುಗುಗಳು ಮಂಗಕ್ಕೂ ಮನುಷ್ಯನಿಗೂ ಹತ್ತುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನೇ ರೋಗದ ತಾಣವಾಗಿಸುತ್ತವೆ. ಅಲ್ಲಿಗೆ ಸೊಪ್ಪಿಗೋ ಸೌದೆಗೋ ಹೋದವರಿಗೆ ಅಪಾಯ.

ಡೆಂಗಿ, ಜಪಾನೀ ಮಿದುಳು ಜ್ವರ, ಝೀಕಾ ಎಲ್ಲವೂ ಈ ಕುಲದವೇ. ಜಪಾನೀ ಮಿದುಳು ಜ್ವರದ ವೈರಸ್ಸು ಗದ್ದೆಯ ಸೊಳ್ಳೆಗಳ ಮೂಲಕ ಬೆಳ್ಳಕ್ಕಿ ಮತ್ತು ಹಂದಿಗಳಲ್ಲಿ ಸುತ್ತುತ್ತದೆ. ಡೆಂಗಿಯೋ ಕಾಡಿನ ಮಂಗಗಳಿಂದ ಹೊರಟು, ಈಗ ಕಾಡಿನ ಹಂಗಿಲ್ಲದೆ ಮನುಷ್ಯರಲ್ಲೇ ಸುತ್ತುತ್ತಿದೆ. ಮಂಗನ ಕಾಯಿಲೆಗೆ ಇದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ. ನಮಗೂ ಒಬ್ಬ ಥೈಲರ್ ಬೇಕಾಗಿದ್ದಾರೆ.

ಕೊನೆಯ ವರ್ಷಗಳು

1964ರಲ್ಲಿ ಥೈಲರ್ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1967ರಲ್ಲಿ ನಿವೃತ್ತರಾದರು. ಅಷ್ಟು ವರ್ಷ ಅಮೆರಿಕಾದಲ್ಲಿದ್ದರೂ ದಕ್ಷಿಣ ಆಫ್ರಿಕಾದ ಪೌರತ್ವವನ್ನು ಬಿಡಲಿಲ್ಲ. ಇತಿಹಾಸ, ತತ್ತ್ವಶಾಸ್ತ್ರದ ಓದು, ಬೇಸ್‌ಬಾಲ್ ಆಟ ನೋಡುವುದು ಅವರ ಮೆಚ್ಚಿನ ಹವ್ಯಾಸಗಳು. ಸಹೋದ್ಯೋಗಿ ವಿಲ್ಬರ್ ಡೌನ್ಸ್ ಅವರೊಡನೆ, ಕೀಟಗಳಿಂದ ಪ್ರಾಣಿಗಳಿಗೆ ಹರಡುವ ವೈರಸ್ಸುಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆದರು. ಅದು 1973ರಲ್ಲಿ ಅಚ್ಚಾಗಿ ಬರುವಾಗ ಅವರು ಇರಲಿಲ್ಲ. 1972ರ ಆಗಸ್ಟ್ 11ರಂದು ನ್ಯೂಹೇವನ್ನಿನಲ್ಲಿ ತೀರಿಕೊಂಡಿದ್ದರು.

17ಡಿ ಲಸಿಕೆಯನ್ನು ಇದುವರೆಗೆ 50 ಕೋಟಿಗೂ ಹೆಚ್ಚು ಜನ ಪಡೆದಿದ್ದಾರೆ. ಒಂದು ಚುಚ್ಚುಮದ್ದು ಜೀವನಪೂರ್ತಿ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿದೆ. ತೀರಾ ಅಪರೂಪಕ್ಕೆ ಅದರಿಂದ ತೊಂದರೆಯಾಗುವುದುಂಟು. ಆದ್ದರಿಂದ ವೈದ್ಯರು ವಯಸ್ಸು, ಆರೋಗ್ಯ ನೋಡಿಯೇ ಕೊಡುತ್ತಾರೆ. 2016ರಲ್ಲಿ ಅಂಗೋಲಾದಿಂದ ಚೀನಾಕ್ಕೆ ಮರಳಿದ ಕೆಲವು ಕೆಲಸಗಾರರಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತು. ಏಷ್ಯಾದಲ್ಲಿ ಸೊಳ್ಳೆ ಇದೆ, ಮಂಗಗಳಿವೆ, ಜನರೂ ಇದ್ದಾರೆ. ಆಫ್ರಿಕಾದ ರೋಗಪೀಡಿತ ದೇಶಗಳಿಗೆ ಕೆಲಸಕ್ಕೆ ಹೋಗಿ ಬರುವ ನಮ್ಮ ಹುಡುಗರ ಕೈಯಲ್ಲಿ ಹಳದಿ ಕಾರ್ಡನ್ನು ವಿಮಾನ ನಿಲ್ದಾಣದಲ್ಲಿ ಕೇಳುವುದು ಇದಕ್ಕಾಗಿಯೇ. ಅದು ಬರಿಯ ಕಾಗದವಲ್ಲ. ಹಲವರು ಪ್ರಾಣ ತೆತ್ತು, ಒಬ್ಬರು ನೂರಾರು ಬಾರಿ ಅದೇ ಕೆಲಸವನ್ನು ಬೇಸರಿಸದೆ ಮಾಡಿ ಗಳಿಸಿಕೊಟ್ಟ ರಕ್ಷೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಇಂದು ಪ್ರಯೋಗ ಮಾಡುತ್ತಿರುವ ಮಕ್ಕಳಲ್ಲಿ ಯಾರಾದರೂ ಆ ತಾಳ್ಮೆಯನ್ನು ಕಲಿತು, ಮಲೆನಾಡಿನ ಕಾಯಿಲೆಗೆ ಮದ್ದು ಹುಡುಕುವಂತಾಗಲಿ ಎಂದು ಹಾರೈಸುತ್ತೇನೆ.